ಪಟೇಲರ ಗುಣ ಹೊತ್ತ ಕಲ್ಲು

ಪಟೇಲ ಚಿಕ್ಕವೀರಪ್ಪನವರಿಗೆ ತಮ್ಮ ಒಳ್ಳೆಯತನ ಊರಿಗೆಲ್ಲ ಗೊತ್ತಾಗಬೇಕೆಂಬ ಆಸೆ. ಕಲ್ಲುಕುಟಿಗನನ್ನು ಕರೆಸಿ ದೊಡ್ಡದೊಂದು ಚಪ್ಪಡಿ ತೋರಿಸಿದರು.

"ನನ್ನ ಗುಣಗಳನ್ನೆಲ್ಲ ಇದರ ಮೇಲೆ ಕೆತ್ತಿ ಸಂತೆ ದಾರೀಲಿ ನಿಲ್ಲಿಸು. ಹೋಗೋರು ಬರೋರೆಲ್ಲ ನನ್ನನ್ನ ಹೊಗಳಬೇಕು. ಇಲ್ದಿದ್ರೆ ನೀನು ಈ ಊರಲ್ಲಿರೋದೇ ಬೇಡ!"

ಕುಟಿಗ ಎಷ್ಟು ತಲೆ ಕೆರೆದುಕೊಂಡರೂ ಪಟೇಲರ ಒಂದು ಗುಣವೂ ಹೊಳೆಯಲಿಲ್ಲ. ಕೊನೆಗೆ ದಾರಿಬದಿಯಲ್ಲಿ ಎರಡು ಕಲ್ಲುಕಂಬ ನೆಟ್ಟು, ಚಪ್ಪಡಿಯನ್ನು ಅವುಗಳ ಮೇಲೆ ಅಡ್ಡ ಇಟ್ಟ. ತಲೆಹೊರೆ ಹೊತ್ತವರು ಇಳಿಸಿ ಸುಧಾರಿಸಿಕೊಳ್ಳಲು ಒಂದು ಹೊರೆಗಲ್ಲಾಯಿತು.

ಪಟೇಲರು ಬಂದು ನೋಡಿ ಕೆಂಡಾಮಂಡಲವಾದರು. "ಒಂದಕ್ಷರವೂ ಇಲ್ಲವಲ್ಲೋ!"

"ಸ್ವಲ್ಪ ಈ ಮರದ ಮರೆಗೆ ಬನ್ನಿ ಬುದ್ಧಿ."

ಅಷ್ಟರಲ್ಲಿ ಸೌದೆ ಹೊತ್ತ ಮುದುಕಿಯೊಬ್ಬಳು ಬಂದಳು. ಹೊರೆಯನ್ನು ಕಲ್ಲಿನ ಮೇಲಿಳಿಸಿ ಕತ್ತು ನೀವಿಕೊಂಡಳು. "ಯಾವ ಪುಣ್ಯಾತ್ಮ ಇಡಿಸಿದನೋ, ಅವನ ಹೊಟ್ಟೆ ತಣ್ಣಗಿರಲಿ!"

ಪಟೇಲರ ಮುಖ ಅರಳಿತು. "ಇಡಿಸಿದ್ದು ನಾನೇ ಅಂತ ಹೇಳಿ ಬಾರೋ!" ಎಂದು ಪಿಸುಗುಟ್ಟಿದರು.

ಕುಟಿಗ ಕೈಮುಗಿದ. "ಹೇಳಬಹುದು ಬುದ್ಧಿ. ಆದರೆ ನಿಮ್ಮ ಹೆಸರು ಕೇಳಿದರೆ ಹೊರೆ ಜೊತೆ ಕೊಟ್ಟ ಹರಕೇನೂ ಎತ್ಕೊಂಡು ಹೊರಟುಬಿಟ್ಟಾಳು."

ಪಟೇಲರು ಬಾಯಿ ತೆರೆದರು. ಅಷ್ಟರಲ್ಲಿ ದೂರದಲ್ಲಿ ಇನ್ನೊಂದು ಹೊರೆ ಬರುತ್ತಿರುವುದು ಕಂಡಿತು. ಬಾಯಿ ಮುಚ್ಚಿಕೊಂಡು, ಮರದ ಹಿಂದೆ ಇನ್ನಷ್ಟು ಸರಿದು ನಿಂತರು.