ಸೈಕಲ್ ನಿಂತರೆ ದೀಪ ಆರುವುದೇಕೆ

ಬಾರೇ ಇಂಚರಾ, ಸೈಕಲ್ ಮೇಲೆ ಯಾಕೆ ಸಿಟ್ಟು? ಇದೇ ಸೈಕಲ್ಲಲ್ಲಿ ಮೂವತ್ತು ವರ್ಷ ಮನೆಮನೆಗೆ ಹಾಲು ಹಾಕಿದವಳು ನಿನ್ನ ಈ ಅಜ್ಜಿ. ನಿಂತರೆ ದೀಪ ಆರುತ್ತೆ ಅಂತ ತಾನೇ ಮುನಿಸು? ಕೂತ್ಕೋ, ಹೇಳ್ತೀನಿ.

ಲೋಕ ಆಗಿನ್ನೂ ಹೊಸದು. ಬೆಟ್ಟಗಳ ಹಸಿಮಣ್ಣು ಕೂಡ ಒಣಗಿರಲಿಲ್ಲ. ಭೂಮಿತಾಯಿ ಎಲ್ಲರಿಗೂ ಒಂದೊಂದು ಕೆಲಸ ಹಂಚಿದಳು. ಗಾಳಿ ಬೀಸಿತು, ಹೊಳೆ ಹರಿಯಿತು. ಅಯಸ್ಕಾಂತ ಅನ್ನೋ ಕಪ್ಪು ಕಲ್ಲಿನ ಹುಡುಗ ಕಬ್ಬಿಣವನ್ನು ಕರೆದು ಕರೆದು ಅಪ್ಪಿಕೊಂಡ.

ಅವನ ಪಕ್ಕದಲ್ಲಿದ್ದ ತಾಮ್ರದ ಹುಡುಗಿ ಕೆಂಚಿ ಮಾತ್ರ ಏಳಲೇ ಇಲ್ಲ. ಒಂದೇ ನಿದ್ದೆ!

"ಇವಳ ಮೈಯೊಳಗೆ ಬೆಳಕಿಟ್ಟಿದ್ದೆ, ದಂಡವಾಯ್ತು," ಅಂದಳು ಭೂಮಿತಾಯಿ. "ಸಂಜೆಯೊಳಗೆ ಏಳದಿದ್ದರೆ ಕಡಲ ತಳಕ್ಕೆ ಹಾಕಿಬಿಡ್ತೀನಿ."

ಅಯಸ್ಕಾಂತ ಅದನ್ನು ಕೇಳಿಸಿಕೊಂಡ. ಅವನಿಗಿದ್ದ ನೆರೆಯವಳು ಅವಳೊಬ್ಬಳೇ. "ಎಬ್ಬಿಸದೆ ಬಿಡೋನಲ್ಲ ನಾನು," ಅಂದ.

ಪಕ್ಕದಲ್ಲಿ ಕೂತು, ಇದ್ದ ಬಲವೆಲ್ಲ ಹಾಕಿ ಸೆಳೆದ. ಸುತ್ತಲಿನ ಕಬ್ಬಿಣದ ಪುಡಿಯೆಲ್ಲ ಬಂದು ಅವನ ಮೈಗೆ ಅಂಟಿತು. ಜಪ್ಪಯ್ಯ ಅಂದರೂ ಕೆಂಚಿ ಏಳಲಿಲ್ಲ.

ಹೊತ್ತು ಬಾಗಿತು. ಅವನು ರೋಸಿಹೋಗಿ ಎದ್ದು ಹೊರಟ. ಒಂದು ಹೆಜ್ಜೆ ಇಟ್ಟನೋ ಇಲ್ಲವೋ, ಕೆಂಚಿ ನಡುಗಿ ಎದ್ದು, "ಹೋಗಬೇಡ!" ಅಂದಳು. ಅವನು ಓಡಿ ಬಂದ. "ಬರಬೇಡ!" ಅಂದಳು. ಎಂಥ ಹಠಮಾರಿ ನೋಡು!

ಸದ್ಯ, ಎದ್ದಳಲ್ಲ ಅಂತ ಅವನು ಉಸ್ಸಪ್ಪಾ ಎಂದು ಕೂತ. ಕೂತದ್ದೇ ತಡ, ಅವಳು ಮತ್ತೆ ಗೊರಕೆ.

ಆಗ ಅವನಿಗೆ ಹೊಳೆಯಿತು. ತಾನು ಕೂತರೆ ಅವಳಿಗೆ ನಿದ್ದೆ, ನಡೆದರೆ ಎಚ್ಚರ.

ಸರಿ, ಅವಳ ಹತ್ತಿರವೇ ಸುತ್ತತೊಡಗಿದ. "ಹೋಗಬೇಡ, ಬರಬೇಡ," ಅಂತ ಅವಳು ತಡೆದಷ್ಟೂ ಹಲ್ಲುಕಚ್ಚಿ ಸುತ್ತಿದ. ಕಾಲು ಸೋತವು, ಆದರೂ ನಿಲ್ಲಲಿಲ್ಲ. ನೋಡಲಾರದೆ ಹೊಳೆ ಅಂದಿತು, "ನನ್ನ ಹೆಗಲೇರೋ, ನಾನು ತಿರುಗಿಸ್ತೀನಿ."

ಹೊಳೆ ಅವನನ್ನು ಗಿರಗಿರ ತಿರುಗಿಸಿತು. ಸೂರ್ಯ ಮುಳುಗುವಷ್ಟರಲ್ಲಿ ಕೆಂಚಿಯ ಮೈಯಿಂದ ಬೆಳಕು ಝಗ್ಗೆಂದಿತು! ನನಗಂತೂ ಈಗಲೂ ಕಣ್ಣು ತುಂಬುತ್ತೆ.

ಭೂಮಿತಾಯಿ ಬಂದು ನೋಡಿದಳು. "ಇವಳನ್ನು ಕಡಲಿಗೆ ಹಾಕೋಲ್ಲ. ಆದರೆ ಎಬ್ಬಿಸೋ ಕೆಲಸ ಇನ್ನು ನಿಂದೇ ಕಣೋ."

"ಆಗಲಿ ತಾಯಿ," ಅಂದ ಅಯಸ್ಕಾಂತ, ತಿರುಗುತ್ತಲೇ.

ನಿನ್ನ ಚಕ್ರಕ್ಕೆ ಒತ್ತಿಕೊಂಡು ದೀಪ ಹತ್ತಿಸೋ ಡೈನಮೋ ಒಳಗೂ ಅವರಿಬ್ಬರೇ ಇರೋದು. ತಂತಿಯಾಗಿ ಸುತ್ತಿಕೊಂಡವಳು ಕೆಂಚಿ, ನಡುವೆ ತಿರುಗುವವನು ಅವನು. ದೀಪ ಹತ್ತಿದಾಗ ಪೆಡಲ್ ಭಾರ ಅನ್ನಿಸುತ್ತಲ್ಲ, ಅದು ಅವಳ ಹಠ. ಅದಕ್ಕೇ ಇಂಚರಾ, ಇವತ್ತಿಗೂ ನೀನು ತುಳಿಯುವಷ್ಟು ಹೊತ್ತು ದಾರಿ ಬೆಳಗುತ್ತೆ, ಕಾಲೂರಿ ನಿಂತರೆ ಕೆಂಚಿ ಮಲಗಿಬಿಡ್ತಾಳೆ.