ಅರಸನ ಹುಟ್ಟುಹಬ್ಬದ ಹೆಂಡ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಹಿರಿಯರು ಪ್ರೀತಿಯಿಂದ ಕೊಟ್ಟದ್ದನ್ನು ಬೇಡವೆನ್ನುವುದು ಉದ್ಧಟತನವಲ್ಲವೇ?"

ಗುರುಗಳು ಹೇಳಿದರು:

ಒಂದು ರಾಜ್ಯದ ಸೆರೆಮನೆಯಲ್ಲಿದ್ದವರಲ್ಲಿ ಹೆಚ್ಚಿನವರು ಕುಡಿದ ಮತ್ತಿನಲ್ಲಿ ತಪ್ಪು ಮಾಡಿ ಬಂದವರು. ಅವರ ಚಟ ಬಿಡಿಸಿ, ಕಸುಬು ಕಲಿಸಿ ಮನೆಗೆ ಕಳಿಸಬೇಕೆಂದು ಅರಸ ಒಬ್ಬ ವೈದ್ಯನನ್ನೂ ಒಬ್ಬ ನೇಕಾರನನ್ನೂ ನೇಮಿಸಿದ. ವೈದ್ಯ ಬೆಳಿಗ್ಗೆ ಮದ್ದು ಅರೆದು ತರುವಷ್ಟರಲ್ಲಿ ಕಾವಲುಗಾರ ಕೈದಿಗಳನ್ನು ಕಲ್ಲು ಒಡೆಯಲು ಅಟ್ಟಿರುತ್ತಿದ್ದ. ವೈದ್ಯ ಕಾದು ಕಾದು ಮಧ್ಯಾಹ್ನ ಮದ್ದು ಕುಡಿಸಿದರೆ, ನೇಕಾರನ ಪಾಠದ ಹೊತ್ತಿಗೆ ಅವರೆಲ್ಲ ತೂಕಡಿಸುತ್ತಿದ್ದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು. ಕೊನೆಗೆ ಇವರನ್ನೆಲ್ಲ ಹೊಂದಿಸಿ ನಡೆಸಲು ಅರಸ ಒಬ್ಬ ಹೆಂಗಸನ್ನು ನೇಮಿಸಿದ. ಅವಳು ಮೂವರೊಡನೆಯೂ ಜಗಳವಾಡಿ, ಬೆಳಿಗ್ಗೆ ಮಗ್ಗ, ಮಧ್ಯಾಹ್ನ ಕಲ್ಲು, ರಾತ್ರಿ ಮದ್ದು ಎಂದು ಗೊತ್ತುಮಾಡಿದಳು. ನಿಧಾನವಾಗಿ ಕೈದಿಗಳ ಕೈನಡುಕ ನಿಂತಿತು.

ಅವರಲ್ಲೊಬ್ಬ, ಕುಡಿದು ತನ್ನ ಮನೆಗೇ ಬೆಂಕಿಯಿಟ್ಟು ಬಂದವನು. ಅವನು ಹೆಂಡ ಬಿಟ್ಟಿದ್ದ, ಪಂಚೆ ನೇಯುವುದನ್ನು ಕಲಿತಿದ್ದ. ಮರುದಿನ ಅವನ ಬಿಡುಗಡೆ. ಕರೆದೊಯ್ಯಲು ಹೆಂಡತಿ ಬಂದು ಊರ ಛತ್ರದಲ್ಲಿ ಇಳಿದಿದ್ದಳು.

ಬಿಡುಗಡೆಯ ಹಿಂದಿನ ದಿನ ಅರಸನ ಹುಟ್ಟುಹಬ್ಬ. ಆ ದಿನ ಕೈದಿಗಳಿಗೆಲ್ಲ ಅರಮನೆಯಿಂದ ಹೆಂಡ ಬರುವುದು ತಾತನ ಕಾಲದ ರೂಢಿ. ಮದ್ದು ಕೊಡಿಸಿದ ಅರಮನೆಯೇ ಹೆಂಡವನ್ನೂ ಕಳಿಸಿತು. ಕಳಿಸಿದವರಿಗೂ ಹೊಳೆಯಲಿಲ್ಲ, ತಂದವರಿಗೂ ಹೊಳೆಯಲಿಲ್ಲ. ದೊಡ್ಡವರ ಬುದ್ಧಿ ನೋಡು!

ಸೆರೆಮನೆಯ ಅಧಿಕಾರಿ ಸಾಲಾಗಿ ಹೆಂಡ ಹೊಯ್ಯುತ್ತ ಬಂದ. ತನ್ನ ಸರದಿ ಬಂದಾಗ ಆ ಕೈದಿ ಬೋಗುಣಿಯನ್ನು ಬೋರಲು ಹಾಕಿದ.

"ಅರಸರು ಕೊಟ್ಟದ್ದನ್ನ ಒಲ್ಲೆ ಅಂತೀಯಾ? ನಾಳೆ ನಿನಗೆ ಬಿಡುಗಡೆ ಇಲ್ಲ, ತಿಳೀತಾ?"

"ಕುಡಿದು ಹೋದ್ರೆ ನಾಡಿದ್ದು ಮತ್ತೆ ಇಲ್ಲಿಗೇ ಬರ್ತೀನಿ ಸ್ವಾಮಿ. ಆ ತಿರುಗಾಟ ಯಾಕೆ? ಇಲ್ಲೇ ಇರ್ತೀನಿ."

ಹೇಳುವಾಗ ಅವನಿಗೆ ಅಳು ಬಂತು. ಆದರೂ ಬೋಗುಣಿಯ ಮೇಲಿಂದ ಕೈ ತೆಗೆಯಲಿಲ್ಲ. ಸಾಲಿನಲ್ಲಿ ಹಲವರು ತಲೆ ತಗ್ಗಿಸಿ ಕುಡಿದರು. ಕೆಲವರು ತಮ್ಮ ಬೋಗುಣಿಯನ್ನೂ ಬೋರಲು ಹಾಕಿದರು. ಆಗ ಸೆರೆಮನೆಯ ಕೆಲಸಗಳನ್ನು ಹೊಂದಿಸುತ್ತಿದ್ದ ಆ ಹೆಂಗಸು ಮುಂದೆ ಬಂದು ಹೆಂಡದ ಕೊಡವನ್ನೇ ಎತ್ತಿ ಚರಂಡಿಗೆ ಸುರಿದಳು. ಅವನ ಬಿಡುಗಡೆ ಒಂದು ವರ್ಷ ಮುಂದಕ್ಕೆ ಹೋಯಿತು. ಅವಳ ಕೆಲಸ ಹೋಯಿತು.

ಶಿಷ್ಯ ತಡೆಯಲಾರದೆ ಕೇಳಿದ: "ಎಷ್ಟಾದರೂ ಕೊಟ್ಟವರು ಅರಸರು. ತುಟಿಗೆ ಸೋಕಿಸಿದಂತೆ ಮಾಡಿ ಕೆಳಗಿಡಬಹುದಿತ್ತಲ್ಲವೇ, ಗುರುಗಳೇ?"

ಗುರುಗಳು ಅವನನ್ನೇ ನೋಡಿದರು. "ನಾಳೆ ನಾನು ಕೊಟ್ಟದ್ದು ನಿನ್ನನ್ನು ಕೆಡಿಸುತ್ತದೆಂದು ಕಂಡರೆ, ನನ್ನೆದುರಿಗೇ ಬೋರಲು ಹಾಕು."