ವೈಸರಿಗೆ ಹಾಕಿದ ಕ್ಲಿಪ್ಪು

ದಾವಣಗೆರೆಯಲ್ಲಿ ಒಬ್ಬ ಬಾಡಿಗೆ ಕಾರಿನ ಡ್ರೈವರ್ ಇದ್ದ. ಅವನ ಕಾರಿನಲ್ಲಿ ಬಿಸಿಲಿಗೆ ಅಡ್ಡ ಇಳಿಸುವ ವೈಸರ್ ತಾನಾಗಿಯೇ ಕಣ್ಣಿನ ಮುಂದೆ ಬೀಳುತ್ತಿತ್ತು. ರಸ್ತೆಯೇ ಕಾಣುತ್ತಿರಲಿಲ್ಲ. ಒಂದು ದಿನ ಹೆಂಡತಿ ಇಂದ್ರಮ್ಮ ತನ್ನ ತಲೆಯ ಕ್ಲಿಪ್ಪು ತೆಗೆದು, ವೈಸರನ್ನು ಕಾರಿನ ಚಾವಣಿಯ ಬಟ್ಟೆಗೆ ಸೇರಿಸಿ ಕಚ್ಚಿಸಿದಳು. ಆಮೇಲೆ ಅದು ಬೀಳಲಿಲ್ಲ. ಆ ವರ್ಷವೇ ಇಂದ್ರಮ್ಮ ಕಾಮಾಲೆಯಾಗಿ ತೀರಿಕೊಂಡಳು. ಕ್ಲಿಪ್ಪು ಉಳಿಯಿತು. ಈಗೀಗ ಅದರ ಸ್ಪ್ರಿಂಗೂ ಸಡಿಲವಾಗುತ್ತಿತ್ತು.

ವಾರಂಟಿಯಲ್ಲೇ ವೈಸರ್ ಬದಲಾಯಿಸಿಕೊಳ್ಳಲು ಅವನು ಕಾರನ್ನು ಶೋರೂಮಿಗೆ ತಂದ. ಸರ್ವಿಸ್ ಮ್ಯಾನೇಜರ್ ಮಹಾರುದ್ರಪ್ಪ ಕ್ಲಿಪ್ಪು ನೋಡಿದವರೇ ಮುಖ ಗಂಟಿಕ್ಕಿದರು.

"ಹೊರಗಿನ ಸಾಮಾನು ಹಾಕಿದ್ದೀಯ. ವಾರಂಟಿ ಹೋಯ್ತು."

"ತಪ್ಪಾಯ್ತು ಸಾರ್." ಡ್ರೈವರ್ ಕ್ಲಿಪ್ಪು ತೆಗೆದು ಜೇಬಿಗೆ ಹಾಕಿಕೊಂಡ. "ಈಗ ಹೊರಗಿನದು ಏನೂ ಇಲ್ಲ. ತಾವೇ ಒಂದು ಸುತ್ತು ಓಡಿಸಿ ನೋಡಿ."

ಮಹಾರುದ್ರಪ್ಪ ಗತ್ತಿನಿಂದಲೇ ಓಡಿಸಿದರು. ಡ್ರೈವರ್ ಪಕ್ಕದಲ್ಲಿ ಕೂತ. ಶೋರೂಮಿನ ಹಿಂದಿನ ತಿರುವಿನಲ್ಲಿ ವೈಸರ್ ದೊಪ್ಪನೆ ಮೂಗಿನ ಮುಂದೆ ಬಿತ್ತು. ಬ್ರೇಕ್ ಒತ್ತಿ ನಿಲ್ಲಿಸಿದಾಗ ಗೋಡೆ ಒಂದು ಗೇಣು ದೂರದಲ್ಲಿತ್ತು.

"ಆ ಕ್ಲಿಪ್ಪು ಕೊಡಯ್ಯ, ವಾಪಸ್ ಹೋಗೋವರೆಗೆ."

"ಹೊರಗಿನ ಸಾಮಾನು ಸಾರ್. ವಾರಂಟಿ ಹೋಗುತ್ತೆ."

ಮಹಾರುದ್ರಪ್ಪ ಒಂದು ಕೈಯಲ್ಲಿ ವೈಸರ್ ಎತ್ತಿ ಹಿಡಿದುಕೊಂಡೇ ಮರಳಿದರು. ಸಂಜೆಯೊಳಗೆ ಹೊಸ ವೈಸರ್ ಕೂತಿತು.

ಪೇಪರಿಗೆ ಸಹಿ ಹಾಕಿಸಲು ಅವರು ಬಂದಾಗ ಡ್ರೈವರ್ ಹೊಸ ವೈಸರಿಗೂ ಅದೇ ಕ್ಲಿಪ್ಪು ಕಚ್ಚಿಸುತ್ತಿದ್ದ.

"ಇದು ಬೀಳಲ್ಲ ಕಣಯ್ಯ. ಮತ್ತೆ ಅದ್ಯಾಕೆ? ವಾರಂಟಿ ಹೋಗುತ್ತೆ."

"ಹೋಗ್ಲಿ ಬಿಡಿ ಸಾರ್," ಅಂದ ಡ್ರೈವರ್. "ಇದಾದ್ರೂ ಇರ್ಲಿ."